ಮಾತೆಗೆ ಬಸುರು ಕಟ್ಟಿದ ಮದಲೇನವ್ವ

ಬಹಳ ಬಹಳ ಹಿಂದೆ, ಈಗಿನ ಮುದುಕಿಯರ ಮುತ್ತಜ್ಜಿಯರು ಇನ್ನೂ ಲಂಗ ಎತ್ತಿ ಕಟ್ಟಿಕೊಂಡು ಕುಂಟೆಬಿಲ್ಲೆ ಆಡುತ್ತಿದ್ದ ಕಾಲದಲ್ಲಿ, ಅರಳೇಪಾಳ್ಯ ಅಂತ ಒಂದೂರಿತ್ತಂತೆ. ಊರ ತುಂಬ ಕ್ರೈಸ್ತರು, ಊರ ನಡುವೆ ಏಸುವಿನ ತಾಯಿ ಮಾತೆ ಮರಿಯಮ್ಮನ ಗುಡಿ, ಒಳಗೆ ಮಾತೆಯ ಮರದ ಮೂರ್ತಿ. ಆ ಊರಲ್ಲಿ ಮದಲೇನವ್ವ ಅಂತ ಒಬ್ಬ ವಿಧವೆ. ರವಿಕೆ ಹೊಲಿದು ಬದುಕೋಳು. ಗುಡಿಯಲ್ಲಿ ಮಾತೆಗೆ ಸೀರೆ ಉಡಿಸೋ ಕೆಲಸವೂ ಅವಳದೇ. ಮಾತೆಯ ಸೀರೆಗೆ ಗಂಡಸಿನ ಕೈ ತಾಗಬಾರದು, ಪೂಜೆ ಮಾಡೋ ಗುರುಸ್ವಾಮಿಗಳೇ ಆಗಿರಲಿ, ತಾಗಬಾರದು ಅಂತ ಹಿರೀಕರು ಕಟ್ಟು ಮಾಡಿದ್ದರಂತೆ. ಮಾಡಿದವರೂ ಗಂಡಸರೇ ಅನ್ನಿ.

ಆ ಊರಲ್ಲೇ ಸಗಾಯಿ ಅಂತ ಒಂದು ಹುಡುಗಿ, ಹಿಂದುಮುಂದಿಲ್ಲದ ತಬ್ಬಲಿ. ಮದುವೆಯಾಗದೇ ಬಸುರಾದಳು. ಯಾರದೇ ಅಂದರೆ ತುಟಿ ಬಿಚ್ಚಲಿಲ್ಲ. ಅವಳು ಬಿಚ್ಚದಿದ್ದರೆ ಊರು ಸುಮ್ಮನಿರುತ್ತಾ? ಬಾವಿಕಟ್ಟೆ ಮೇಲೆ ದಿನಕ್ಕೊಬ್ಬ ಅಪ್ಪ ಹುಟ್ಟಿದ. ಗಾಣದವನು ಅಂದರು, ಬಳೆ ಮಾರೋನು ಅಂದರು. ಜನಕ್ಕೆ ಜಪ ಕಲಿಸೋ ಉಪದೇಶಿ ಇನ್ನಾಸಪ್ಪ ಇದ್ದನಲ್ಲ, ಅವನ ಮಗ ಅದೇ ತಿಂಗಳು ಯಾಕೆ ಕಾಫಿ ತೋಟದ ಕೂಲಿಗೆ ಓಡಿಹೋದ ಅನ್ನೋದನ್ನ ಮಾತ್ರ ದನಿ ತಗ್ಗಿಸಿ ಅಂದರು.

ಆ ಇನ್ನಾಸಪ್ಪನದೇ ಎಲ್ಲರಿಗಿಂತ ಜೋರು ಗಂಟಲು. ಅಪ್ಪನ ಹೆಸರು ಹೇಳೋ ತನಕ ಸಗಾಯಿ ಗುಡಿಯೊಳಗೆ ಕಾಲಿಡಕೂಡದು, ಹೊಸಿಲಾಚೆ ಮಂಡಿಯೂರಬೇಕು, ಕ್ರಿಸ್‌ಮಸ್ ಒಳಗೆ ಹೇಳದಿದ್ದರೆ ಊರೇ ಬಿಡಬೇಕು ಅಂತ ತೀರ್ಮಾನ ಮಾಡಿಸಿದನಂತೆ. ತುಂಬಿದ ಬಸುರಿ, ಮೈ ಕೊರೆಯೋ ಚಳಿ. ಯಾವ ಬೇಲಿ ಮರೆಯಲ್ಲಿ ಹೆರ್ತಾಳೆ ಅಂತ ಒಬ್ಬರಾದರೂ ಕೇಳಬೇಕಲ್ಲ?



ಕ್ರಿಸ್‌ಮಸ್ಸಿಗೆ ಮುಂಚಿನ ಶನಿವಾರ ಮಧ್ಯಾಹ್ನ ಮದಲೇನವ್ವ ಗುಡಿ ಬಾಗಿಲು ಹಾಕಿಕೊಂಡು ಮಾತೆಗೆ ಸೀರೆ ಉಡಿಸ್ತಾ ಇದ್ದಳು. ನೆರಿಗೆ ಹಿಡಿದು ಸಿಕ್ಕಿಸಿದಳು. ನೆರಿಗೆ ನೆಟ್ಟಗೆ ಇಳಿಯಿತು. ಹೊಟ್ಟೆ ನೋಡಿದರೆ ಹಲಗೆ. ಇನ್ನು ನಾಲ್ಕು ದಿನಕ್ಕೆ ಹೆರೋಳ ಹೊಟ್ಟೆ ಇದಾ ಅಂತ ಅವಳಿಗೆ ಅನ್ನಿಸಿತಂತೆ. ಆಮೇಲೆ ಆ ಮರದ ಮುಖ ನೋಡಿ, "ನಿನ್ನನ್ನೂ ನಿಮ್ಮೂರಲ್ಲಿ ಹಿಂಗೇ ನೋಡಿದರೇನೇ ತಾಯಿ? ನಿನ್ನ ಗಂಡ ಜೋಜಪ್ಪ ಕೈ ಹಿಡಿಯೋ ತನಕ ನೀನು ಯಾರ ಹೆಸರು ಹೇಳಿದೆ?" ಅಂದಳಂತೆ. ಮಾತೆ ಏನಂದಳೋ. ಮದಲೇನವ್ವ ಮನೆಗೆ ಹೋದಳು, ತನ್ನ ದಿಂಬು ಬಿಚ್ಚಿದಳು, ಹತ್ತಿ ತಂದು ದುಂಡಗೆ ಹೊಲಿದು ಮಾತೆಯ ಸೊಂಟಕ್ಕೆ ಕಟ್ಟಿ ಮೇಲೆ ಸೀರೆ ಉಡಿಸಿದಳು. ಬಸುರಿ ಉಟ್ಟರೆ ಸೀರೆ ಮುಂದುಗಡೆ ಮೇಲೇರಿ ಹೆಬ್ಬೆರಳು ಕಾಣುತ್ತಲ್ಲ, ಹಂಗೇ ಕಂಡಿತಂತೆ. ಹತ್ತಿನೇ ಇರಲಿಲ್ಲ, ಹೊಟ್ಟೆ ತಾನಾಗೇ ಉಬ್ಬಿತು ಅನ್ನೋರೂ ಇದ್ದಾರೆ. ಅನ್ನಲಿ ಬಿಡಿ.

ಭಾನುವಾರ ಪೂಜೆಗೆ ಮಾತೆಯ ಮುಂದಿನ ಪರದೆ ಸರಿಸಿದರು. ಊರಿಗೆ ಊರೇ ಬಾಯಿ ಮೇಲೆ ಕೈ ಇಟ್ಟುಕೊಂಡಿತು.

"ಏನೇ ಮದಲೇನಿ ಇದು ಅನಾಚಾರ!" ಅಂತ ಇನ್ನಾಸಪ್ಪ ಕೂಗಿದ.

"ಅನಾಚಾರ ಏನು ಬಂತಣ್ಣ? ಮಂಗಳವಾರ್ತೆ ಹಬ್ಬದಲ್ಲಿ ದೇವದೂತ ಬಂದ, ಗರ್ಭ ನಿಂತಿತು ಅಂತ ಗಂಟಲು ಕಿತ್ತುಕೊಂಡು ಹಾಡಿದೋನು ನೀನೇ ಅಲ್ವಾ? ತಿಂಗಳು ಎಣಿಸಿ ನೋಡು. ದಿನಾ ಜಪಸರ ಹಿಡಿದು ಅವಳ ಉದರದ ಫಲಾನ ಕೊಂಡಾಡ್ತೀಯ, ಉದರ ಕಂಡರೆ ಕಣ್ಣು ಮುಚ್ಕೋತೀಯಲ್ಲ."

"ತೆಗೆಯೇ ಅದನ್ನ!"

"ಬಸುರು ತೆಗಿ ಅಂತ ಗುಡಿ ಒಳಗೇ ಹೇಳ್ತೀಯಲ್ಲಣ್ಣ, ನಾಲಿಗೆ ಸೇದಿಹೋದೀತು."

ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ನಕ್ಕರಂತೆ. ಇನ್ನಾಸಪ್ಪ ತಾನೇ ಬಿಚ್ಚೋಣ ಅಂದರೆ ಗಂಡಸು ಮುಟ್ಟೋ ಹಾಗಿಲ್ಲ. ಹೆಂಗಸರನ್ನ ಕರೆದ, ಒಬ್ಬಳೂ ಮುಂದೆ ಬರಲಿಲ್ಲ. ಸ್ವಾಮಿಗಳ ಕಡೆ ತಿರುಗಿದ. ಅವರು ಪಾಪದ ಮನುಷ್ಯ, ಗಡ್ಡ ಸವರಿಕೊಂಡು ನೆಲ ನೋಡಿದರಂತೆ.

ಅಷ್ಟರಲ್ಲಿ ಹಿಂದಿನಿಂದ ಯಾರೋ ಮುದುಕಿ, "ಅಲ್ಲ ಕಣೇ, ತುಂಬಿದ ಬಸುರೀನ ಬರಿಗೈಲಿ ನಿಲ್ಲಿಸಿದ್ದೀರಲ್ಲೇ, ಬಳೆ ತೊಡಿಸೋದು ಬೇಡ್ವಾ?" ಅಂದಳು. ತಗೋ, ಹೆಂಗಸರು ಮನೆಮನೆಗೆ ಓಡಿದರು. ಹಸಿರು ಬಳೆ ಬಂತು, ಹೂವು ಬಂತು, ಚಿತ್ರಾನ್ನ ಬಂತು, ಕರ್ಜಿಕಾಯಿ ಬಂತು. ತಂದದ್ದೆಲ್ಲ ಮಾತೆಗೆ ಅರ್ಪಿಸಿದರು. ಆಮೇಲೆ ನೋಡಿದರೆ ಬಳೆ ಏರೋದೇ ಇಲ್ಲ! ಮಾತೆಯದು ಜೋಡಿಸಿದ ಕೈ, ಎರಡೂ ಒಂದೇ ಮರದಲ್ಲಿ ಕೆತ್ತಿದ್ದು. ಬಳೆ ಎಲ್ಲಿಂದ ಹೋಗುತ್ತೆ? ಮಾತೆಗೆ ಅರ್ಪಿಸಿದ್ದನ್ನ ಮನೆಗೆ ವಾಪಸು ಒಯ್ಯೋ ಹಾಗೂ ಇಲ್ಲ.

ಮದಲೇನವ್ವ ಬಳೆ ತಟ್ಟೆ ಎತ್ತಿಕೊಂಡು ಬಾಗಿಲ ಕಡೆ ನಡೆದಳಂತೆ. "ಬಸುರಿಗೆ ಅಂತ ಅರ್ಪಿಸಿದ್ದು ಬಸುರಿ ಕೈಗೇ ಏರಬೇಕು. ಊರಲ್ಲಿ ಈಗ ತುಂಬಿದ ಬಸುರಿ ಇಬ್ಬರೇ. ಒಬ್ಬಳ ಕೈಗೆ ಏರಲಿಲ್ಲ. ಇನ್ನೊಬ್ಬಳು ಅಲ್ಲಿ ಮಂಡಿಯೂರಿ ಕೂತವಳೆ. ಯಾರು ತೊಡಿಸ್ತೀರಿ?"

ಆಗ ಒಬ್ಬಳು ಎದ್ದಳು. ಯಾರು ಅಂತೀರಿ? ಇನ್ನಾಸಪ್ಪನ ಹೆಂಡತಿ ಚೌರಮ್ಮ! ಗಂಡನೆದುರು ಒಂದು ದಿನ ತಲೆ ಎತ್ತದೋಳು. ಹೊಸಿಲಾಚೆ ಹೋಗಿ ಕೂತಳು. ಸಗಾಯಿ ಕೈ ತನ್ನ ಮಡಿಲಿಗೆ ತಗೊಂಡು, "ಕೈ ಸಡಿಲ ಬಿಡು ಮಗಳೇ" ಅಂದಳು. ಒಂದೊಂದೇ ಬಳೆ ಏರಿಸಿದಳು. ಸಗಾಯಿ ಅತ್ತಳು, ಚೌರಮ್ಮನೂ ಅತ್ತಳು. ಯಾಕೆ ಅಂತ ಬಿಡಿಸಿ ಹೇಳಬೇಕಾ? ಆಮೇಲೆ ಕೈ ಹಿಡಿದು ಒಳಗೆ ಕರಕೊಂಡು ಬಂದು ಮಾತೆಯ ಎದುರಿಗೇ ಕೂರಿಸಿದಳು. ಮಾತೆಯ ಬಳೆ ತೊಟ್ಟವಳನ್ನ ಊರು ಬಿಡು ಅನ್ನೋ ಎದೆ ಇನ್ನಾಸಪ್ಪನಿಗೆಲ್ಲಿಂದ ಬರಬೇಕು?

ಸಗಾಯಿ ಆ ಊರಲ್ಲೇ, ಮದಲೇನವ್ವನ ಚಾಪೆ ಮೇಲೇ ಹೆತ್ತಳು. ಹೆಣ್ಣುಮಗು. ಜ್ಞಾನಸ್ನಾನದ ದಿನ ಸ್ವಾಮಿಗಳು ನೀರಿನ ಬಟ್ಟಲು ಹಿಡಿದು ಪದ್ಧತಿ ಪ್ರಕಾರ, "ಇದು ಯಾರ ಮಗು?" ಅಂತ ಕೇಳಿದರು. ಕೇಳಿದ ಮೇಲೆ ತಾವೇ ನಾಲಿಗೆ ಕಚ್ಚಿಕೊಂಡರಂತೆ. ಸಗಾಯಿ ತಲೆ ತಗ್ಗಿಸಿದಳು. ಮದಲೇನವ್ವ, "ನಮ್ಮದು ಸ್ವಾಮಿ" ಅಂದಳು. ಹಿಂದೆಯೇ ಚೌರಮ್ಮ "ನಮ್ಮದು" ಅಂದಳು. ಆಮೇಲೆ ಗುಡಿ ತುಂಬ ಇದ್ದ ಹೆಂಗಸರೆಲ್ಲ ಅದನ್ನೇ ಅಂದರು.

ಮದಲೇನವ್ವ ಹೋಗಿ ಎಷ್ಟು ಕಾಲವಾಯಿತೋ. ಅವಳ ಋಣ ಆ ಊರ ಹೆಂಗಸರ ಮೇಲೆ ಹಾಗೇ ಇದೆ. ಕ್ರಿಸ್‌ಮಸ್ಸಿಗೆ ಮುಂಚಿನ ಭಾನುವಾರ ಮಾತೆಗೆ ಬಸುರು ಕಟ್ಟುತ್ತಾರೆ, ಬಂದ ಬಸುರಿಯರಿಗೆಲ್ಲ, ಯಾವ ಜಾತಿ, ಯಾವ ಊರು ಅನ್ನದೆ ಬಳೆ ತೊಡಿಸುತ್ತಾರೆ. ಜ್ಞಾನಸ್ನಾನದಲ್ಲಿ ಸ್ವಾಮಿಗಳು ಯಾರ ಮಗು ಅಂತ ಈಗಲೂ ಕೇಳುತ್ತಾರೆ. ಹೆತ್ತ ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಪಕ್ಕದಲ್ಲೇ ನಿಂತಿರುತ್ತಾನೆ, ಬಾಯಿ ತೆರೆಯೋ ಹಾಗಿಲ್ಲ. ಹಿಂದೆ ನಿಂತ ಹೆಂಗಸರೇ ಒಂದೇ ದನಿಯಲ್ಲಿ ಹೇಳುತ್ತಾರೆ:

"ನಮ್ಮದು ಸ್ವಾಮಿ."