ಕೊಕ್ಕಿಗೆ ಅಂಟಿದ ಹಳದಿ

ಮೊಟ್ಟೆ ಕದ್ದು ತಿಂದ ಮುಖ್ಯಸ್ಥ ಕಾಗೆಯನ್ನು ಪದವಿಯಿಂದ ಇಳಿಸಬೇಕೋ ಬೇಡವೋ ಎಂದು ಆಲದ ಮರದಲ್ಲಿ ವಿಚಾರಣೆ ನಡೆಯಿತು. ಅದರ ಕೊಕ್ಕಿಗೆ ಅಂಟಿದ ಹಳದಿ ಇನ್ನೂ ಒಣಗಿರಲಿಲ್ಲ. ಇಳಿಸಿ ಎನ್ನುವವರು ಎದುರು ಕೊಂಬೆಗೆ ಹಾರಬೇಕೆಂಬುದು ಆ ಮರದ ಪದ್ಧತಿ. ಮೊಟ್ಟೆ ಕಳೆದುಕೊಂಡ ಗೊರವಂಕ ಮೊದಲು ಹಾರಿತು, ಅದರ ಬಳಗವೆಲ್ಲ ಹಿಂಬಾಲಿಸಿತು. ಕಾಗೆಗಳಲ್ಲಿ ಒಂದೂ ಮಿಸುಕಲಿಲ್ಲ.

ಅವುಗಳ ನಡುವೆ ಕೂತ ತಾಯಿಕಾಗೆಯನ್ನು ಕಂಡು ಗೊರವಂಕಕ್ಕೆ ಮೈಯೆಲ್ಲ ಉರಿದುಹೋಯಿತು. "ಅಕ್ಕಾ, ನಿನ್ನ ಮೊಟ್ಟೆಯನ್ನೂ ಇವನೇ ತಿಂದನಲ್ಲ! ನಿನ್ನ ಕಣ್ಣೆದುರೇ ತಿಂದನಲ್ಲ!"

"ತಿಂದದ್ದು ನಿಜ," ಎಂದಿತು ತಾಯಿಕಾಗೆ. "ಹಾಗಂತ ಗೊರವಂಕಗಳ ಪಕ್ಕ ಹೋಗಿ ಕೂರಲೇ?"

ಒಂದೇ ಮತದಿಂದ ಬಚಾವಾದ ಮುಖ್ಯಸ್ಥ ಕಾಗೆ ಜೈಕಾರ ಮುಗಿಯುವವರೆಗೂ ಕಾಯಲಿಲ್ಲ. ನೇರವಾಗಿ ತಾಯಿಕಾಗೆಯ ಗೂಡಿಗೆ ಹಾರಿತು. ಅಲ್ಲಿ ಇನ್ನೊಂದು ಮೊಟ್ಟೆ ಉಳಿದಿತ್ತು.