ನೀಲವ್ವನ ಕಾಯಿಗಳು

ಪೂಜ್ಯ ಶ್ರೀ ನಿರಾಳಯ್ಯ ಶಿವಯೋಗಿಗಳು ಮಲಪ್ರಭೆಯ ದಂಡೆಯ ಸಣ್ಣ ಮಠದಲ್ಲಿ ವಾಸವಾಗಿದ್ದರು. ಮಠವೆಂದರೆ ಒಂದು ಖೋಲಿ, ಒಂದು ಅಡಿಗೆಮನೆ, ಮುಂದೊಂದು ಕಟ್ಟೆ, ಅಷ್ಟೇ. ಪ್ರಸಾದ ಮುಗಿದ ಮೇಲೆ ಆ ಕಟ್ಟೆಯ ಮೇಲೆ ಪಗಡೆಯ ಹಾಸು ಬಿಚ್ಚಿ, ಅಡಿಗೆಯ ಮರಿದೇವಯ್ಯನವರೊಡನೆ ಆಡುವುದು ಅವರ ರೂಢಿ. ಶಿವಯೋಗಿಗಳಿಗೇಕೆ ಪಗಡೆ ಎಂದು ಮೂಗು ಮುರಿದವರುಂಟು. ಅಂಥವರಿಗೆ ನಾನು ಈ ಪ್ರಸಂಗವನ್ನೇ ಹೇಳುತ್ತೇನೆ.

ಒಂದು ಮಧ್ಯಾಹ್ನ ಚನ್ನವೀರಪ್ಪ ಎಂಬ ಗೃಹಸ್ಥರು ಬಂದು ಪಾದಕ್ಕೆರಗಿ ಸಂನ್ಯಾಸ ದೀಕ್ಷೆ ಬೇಡಿದರು. ಮಕ್ಕಳ ಮದುವೆಯಾಯಿತು, ಹೊಲ ಹಂಚಿಯಾಯಿತು, ನನ್ನದೆಲ್ಲ ತೀರಿತು, ಇನ್ನು ಮನೆಗೆ ಹೋಗುವವನಲ್ಲ ಎಂದರು. ಅವರ ಹಿಂದೆಯೇ ಬಂದಿದ್ದ ಹೆಂಡತಿ ನೀಲವ್ವ ಮೆಟ್ಟಿಲ ಮೇಲೆ ಸೆರಗು ಹಿಡಿದು ಕುಳಿತಿದ್ದರು. ಗಂಡ ಕಾವಿ ಉಟ್ಟರೆ ನಿನ್ನ ಗತಿಯೇನು ಎಂದು ಆ ತಾಯಿಯನ್ನು ಯಾರೂ ಕೇಳಿರಲಿಲ್ಲ.

ಶಿವಯೋಗಿಗಳು ಇಬ್ಬರನ್ನೂ ಆಟಕ್ಕೆ ಕರೆದರು. ಗಂಡಹೆಂಡತಿ ಎದುರುಬದುರು ಕುಳಿತು ಒಂದು ಜೊತೆಯಾದರು; ಶಿವಯೋಗಿಗಳೂ ಮರಿದೇವಯ್ಯನವರೂ ಇನ್ನೊಂದು ಜೊತೆ. ಆಟ ಅರಿಯದವರಿಗೆ ಹೇಳುವುದಾದರೆ, ತಲೆಗೆ ನಾಲ್ಕು ಕಾಯಿ. ದಾಳ ಉರುಳಿಸಿ, ಬಿದ್ದ ಗರದಷ್ಟು ಮನೆ ನಡೆಸಬೇಕು. ಒಂಟಿ ಕಾಯಿ ಎದುರಾಳಿಗೆ ಸಿಕ್ಕರೆ ಸತ್ತು, ಮೊದಲಿಂದ ಹೊರಡಬೇಕು. ಸುತ್ತು ಮುಗಿಸಿ ನಡುಮನೆ ಸೇರಿದರೆ ಕಾಯಿ ಹಣ್ಣಾಯಿತು ಎನ್ನುತ್ತಾರೆ.

ಚನ್ನವೀರಪ್ಪನವರು ಊರಿಗೇ ಹೆಸರಾದ ಆಟಗಾರರು. ಹೆಂಡತಿಯ ಕಾಯಿಯನ್ನು ಬೆನ್ನಟ್ಟಿದ ಎದುರಾಳಿಯ ಕಾಯಿಯನ್ನು ಹೊಡೆಯುವ ಗರ ಬಿದ್ದಾಗಲೂ ತಮ್ಮದನ್ನೇ ಮುಂದೆ ದಬ್ಬಿದರು. ನೀಲವ್ವನವರ ಕಾಯಿಗಳನ್ನು ಶಿವಯೋಗಿಗಳು ಒಂದಿಷ್ಟೂ ಕರುಣೆಯಿಲ್ಲದೆ ಮತ್ತೆ ಮತ್ತೆ ಹೊಡೆದರು. ತಮ್ಮ ನಾಲ್ಕೂ ಹಣ್ಣಾದದ್ದೇ ತಡ, ಚನ್ನವೀರಪ್ಪನವರು ಎದ್ದು ಕೈಮುಗಿದರು.

“ಗೆದ್ದೆ ಅಪ್ಪಾರ. ಇನ್ನ ದೀಕ್ಷಾ ಕೊಡ್ರಿ.”

ಶಿವಯೋಗಿಗಳು ದಾಳಗಳನ್ನು ಅವರ ಕಡೆಗೇ ಸರಿಸಿದರು. “ಜೊತಿ ಆಟದಾಗ ಒಬ್ಬರ ಕಾಯಿ ಹಣ್ಣಾದ್ರ ಗೆದ್ದಂಗೇನು?”

ಎಷ್ಟೋ ಜನರಿಗೆ ಆ ನಿಯಮ ಕಲಿಸಿದವರೇ ಚನ್ನವೀರಪ್ಪನವರು. ಜೊತೆಗಾರರ ಕಾಯಿಗಳೂ ಹಣ್ಣಾಗುವವರೆಗೆ ಆಟ ಗೆದ್ದಂತಲ್ಲ. ಮೊದಲು ಮುಗಿಸಿದವರು ಏಳುವಂತಿಲ್ಲ, ತಮ್ಮ ಗರದಿಂದ ಜೊತೆಗಾರರ ಕಾಯಿ ನಡೆಸಬೇಕು. ನೀಲವ್ವನವರ ಕಾಯಿಗಳು ಇನ್ನೂ ಹೊರಟ ಮನೆಯ ಆಸುಪಾಸಿನಲ್ಲೇ ಇದ್ದವು. ಅವನ್ನು ನೋಡುತ್ತಿದ್ದಂತೆ ತಮ್ಮ ಇಡೀ ಸಂಸಾರವೇ ಕಣ್ಣ ಮುಂದೆ ಬಂದು, ಅವರಿಗೆ ನಾಚಿಕೆಯಾಯಿತು.

“ಕೂಡಪ್ಪ,” ಎಂದರು ಶಿವಯೋಗಿಗಳು. “ಗರ ನಿಂದು. ಕಾಯಿ ಆಕಿದು.”

ಚನ್ನವೀರಪ್ಪನವರು ಕುಳಿತು ದಾಳ ಹಾಕಿದರು. ದೊಡ್ಡ ಗರವೇ ಬಿತ್ತು. ರೂಢಿಯಂತೆ ಕೈ ತಾನಾಗಿಯೇ ಕಾಯಿಯ ಕಡೆ ಹೋಗಿ, ನಡುವೆಯೇ ನಿಂತಿತು. ಬಾಳಿನಲ್ಲಿ ಮೊದಲ ಸಲ ಅವರು ಹೆಂಡತಿಯ ಮುಖ ನೋಡಿ ಕೇಳಿದರು. “ಯಾವುದು ನಡಸ್ಲಿ?”

ನೀಲವ್ವನವರು ಸೆರಗಿನಿಂದ ಕಣ್ಣೊರೆಸಿಕೊಂಡು ತೋರಿಸಿದರು. “ಆ ಹಿಂದಿಂದು. ಆಗಿನಿಂದ ಅಲ್ಲೇ ಕುಂತೈತಿ.”

ಆಟ ಮುಗಿದಾಗ ಹೊತ್ತು ಇಳಿದಿತ್ತು. ದೀಕ್ಷೆಯ ಮಾತು ಮತ್ತೆ ಬರಲಿಲ್ಲ. ಗಂಡಹೆಂಡತಿ ಶಿವಯೋಗಿಗಳ ಪಾದಕ್ಕೆರಗಿ ಕೂಡಿಯೇ ಮನೆಗೆ ಹೋದರು. ದಾರಿಯುದ್ದಕ್ಕೂ ನೀಲವ್ವನವರು ಮಾತಾಡುತ್ತಲೇ ಇದ್ದರಂತೆ, ಚನ್ನವೀರಪ್ಪನವರು ಕೇಳುತ್ತಲೇ ಇದ್ದರಂತೆ.