ಒಡ್ಡಿನ ಬುಡದ ಕುರ್ಚಿ

ಕಲ್ಲಿದ್ದಲು ತೊಳೆಯುವ ಕಾರ್ಖಾನೆಯ ಹಿಂದೆ ಒಂದು ಹೊಂಡ, ಅದಕ್ಕೆ ಮಣ್ಣಿನ ಒಡ್ಡು. ತೊಳೆದ ನೀರು, ಇದ್ದಲಿನ ನುಣ್ಣನೆಯ ಪುಡಿ ಸೇರಿದ ಗಂಜಿಯಂಥ ಕರಿ ಕೆಸರು ಅದರಲ್ಲಿ ಒಡ್ಡಿನ ಅಂಚಿನತನಕ ತುಂಬಿತ್ತು. ಒಡ್ಡಿನ ಕೆಳಗೆ ನಲವತ್ತು ಮನೆ. ಮೋಡ ಕಂಡರೆ ಸಾಕು, ಒಡ್ಡು ಒಡೆದೀತೆಂದು ತಾಯಂದಿರು ಮಕ್ಕಳನ್ನು ಹತ್ತಿರ ಎಳೆದುಕೊಳ್ಳುತ್ತಿದ್ದರು. ಕೆಸರಿನ ನೀರು ಹಿಂಡಿ ಒಣ ಹೆಂಟೆ ಮಾಡುವ ಯಂತ್ರವೇನೋ ಇತ್ತು. ಕೆಲಸ ನಿಧಾನವಾಗುತ್ತದೆಂದು ಮ್ಯಾನೇಜರ್ ಹಂಪಣ್ಣವರ ಸಾಹೇಬರು ಅದಕ್ಕೆ ತಾಡಪತ್ರಿ ಹೊದಿಸಿಟ್ಟಿದ್ದರು.

ಒಂದು ಮಧ್ಯಾಹ್ನ ಅವರು ಒಡ್ಡಿನ ಕಾವಲುಗಾರನ ಮುಂದೆ ತಪಾಸಣೆಯ ಪುಸ್ತಕ ಹಿಡಿದರು. "ಒಡ್ಡು ಗಟ್ಟಿ ಐತಿ ಅಂತ ಸಹಿ ಹಾಕು. ಇಲ್ಲಂದ್ರ ನಾಳೆಯಿಂದ ಬರಬ್ಯಾಡ."

ಕಾವಲುಗಾರ ಕೆಳಗಿನ ಮನೆಗಳತ್ತ ನೋಡಿದ. ನಲವತ್ತರಲ್ಲಿ ಒಂದು ಮನೆ ಅವನದೇ.

"ಹಾಕ್ತೀನ್ರಿ ಸಾಹೇಬ್ರ. ಚಷ್ಮಾ ಮನ್ಯಾಗೈತಿ, ತರ್ತೀನಿ. ಅಲ್ಲೀತನಕ ಒಡ್ಡಿನ ಬುಡದಾಗ ನೆರಳೈತಿ, ಕೂಡ್ರಿ."

ಕುರ್ಚಿ ಹಾಕಿದ. ಪಕ್ಕದ ಸ್ಟೂಲಿನ ಮೇಲೆ ಒಂದು ಲೋಟ ನೀರಿಟ್ಟು ಹೋದ.

ಒಡ್ಡಿನ ಮೇಲೆ ಲಾರಿ ಹೋಯಿತು. ಲೋಟದ ನೀರು ನಡುಗಿತು. ಲಾರಿ ದಾಟಿದ ಮೇಲೂ ನಡುಗುತ್ತಲೇ ಇತ್ತು. ಕುರ್ಚಿಯ ಕಾಲು ಮೆಲ್ಲಗೆ ನೆಲದೊಳಗೆ ಇಳಿಯಿತು. ಸಾಹೇಬರ ಕುತ್ತಿಗೆಗೆ ತಣ್ಣನೆಯ ಹನಿ ಬಿತ್ತು. ತಿರುಗಿ ನೋಡಿದರೆ ಒಡ್ಡು ಕರ್ರಗೆ ಬೆವರುತ್ತಿತ್ತು.

ಎದ್ದು ಓಡಿದರು. ಒಂದು ಬೂಟು ಕೆಸರಲ್ಲೇ ಉಳಿಯಿತು. "ಕೆಸರಿನ ಪೈಪ್ ಬಂದ್ ಮಾಡ್ರಿ! ತಾಡಪತ್ರಿ ತಗೀರಿ!"

ಸಂಜೆಗೆ ಯಂತ್ರ ತಿರುಗಿತು, ಒಣ ಹೆಂಟೆ ಬೀಳತೊಡಗಿದವು. ಕಾವಲುಗಾರ ಚಷ್ಮಾ ಏರಿಸಿಕೊಂಡು ಬಂದ. "ಸಹಿ ಎಲ್ಲಿ ಹಾಕ್ಲಿ?"

ಸಾಹೇಬರು ಪುಸ್ತಕ ಬಚ್ಚಿಟ್ಟುಕೊಂಡರು. "ಮೊದಲು ನನ್ನ ಬೂಟು ತಂದುಕೊಡು."

"ಅಲ್ಲೇ ಇರ್ಲಿ ಬಿಡ್ರಿ. ಯಂತ್ರಕ್ಕ ಮತ್ತ ತಾಡಪತ್ರಿ ಹೊದಿಸಬೇಕು ಅನ್ನಿಸಿದ ದಿನ, ನೀವ ಹೋಗಿ ತಗೊಂಡು ಬರ್ರಿ."